ಬೀಗ ಹಾಕಿದ್ದ ಊರ ಮ್ಯೂಸಿಯಂ ಮತ್ತೆ ತೆರೆಯೋದು ಹೇಗೆ: ಬಣ್ಣದ ಡಬ್ಬ ಆಮೇಲೆ, ರಿಜಿಸ್ಟರ್ ಮೊದ್ಲು

ನಮ್ಮ ಕೋಲಾರದ ಕಡೆ ಒಂದು ಪುಟ್ಟ ಮ್ಯೂಸಿಯಂ, ಮೂರು ವರ್ಷ ಬೀಗ ಬಿದ್ದಿತ್ತು, ಅದನ್ನ ರಿಪೇರಿ ಮಾಡಿ ಮತ್ತೆ ತೆಗೆದ ಐದಾರು ಜನದಲ್ಲಿ ನಾನೂ ಒಬ್ಬ. ದೊಡ್ಡದೇನಲ್ಲ ಬಿಡಿ, ಹಳೇ ಛತ್ರದ ಕಟ್ಟಡ, ಎರಡು ಕೋಣೆ, ಮುಂದೆ ಜಗಲಿ, ಹಿಂದೆ ಒಂದು ಕತ್ತಲೆ ಉಗ್ರಾಣ. ಮಳೆಗೆ ಮೇಲ್ಛಾವಣಿ ಸೋರಿ ಸೋರಿ ಕೊನೆಗೊಂದಿನ ಗಾರೆ ಕಳಚಿ ಶೋಕೇಸಿನ ಗಾಜಿನ ಮೇಲೆ ಬಿತ್ತು, ಅವತ್ತು ಹಾಕಿದ ಬೀಗ. ಈಗ ಅಕ್ಕಪಕ್ಕದ ತಾಲ್ಲೂಕಿನವರು ಒಬ್ಬೊಬ್ಬರಾಗಿ ಫೋನ್ ಮಾಡಿ "ನೀವು ಹೆಂಗ್ ಮಾಡಿದ್ರಿ ಸಾರ್, ನಮ್ಮಲ್ಲೂ ಒಂದು ಐತೆ, ಮುಚ್ಚಿ ಬಿಟ್ಟಿದೀವಿ" ಅಂತ ಕೇಳ್ತಾರೆ, ಪ್ರತಿಯೊಬ್ಬರಿಗೂ ಮುಕ್ಕಾಲು ಗಂಟೆ ಹೇಳಿ ಸಾಕಾಗಿದೆ, ಅದಕ್ಕೆ ಒಂದೇ ಸಲ ಬರೆದು ಹಾಕ್ತಿದೀನಿ. ನಾವು ಮಾಡಿದ ತಪ್ಪೂ ಸೇರಿಸಿ ಬರೀತೀನಿ, ನೀವಾದ್ರೂ ಮಾಡ್ಬೇಡಿ.

ನಮ್ಮ ಮೊದಲ ತಪ್ಪು ಹೇಳಿಬಿಡ್ತೀನಿ. ದುಡ್ಡು ಕೈಗೆ ಬಂದ ತಕ್ಷಣ ಪೇಂಟರನ್ನ ಕರೆಸಿದ್ವಿ. ಜಗಲಿಯಲ್ಲಿ ಐದು ವೀರಗಲ್ಲು ಗೋಡೆಗೆ ಒರಗಿಸಿಟ್ಟಿದ್ವು, ಅವುಗಳ ಬೆನ್ನಿಗೆ ಹಿಂದಿನವರು ಕೆಂಪು ಬಣ್ಣದಲ್ಲಿ ಒಂದು ನಂಬರ್ ಬರೆದಿದ್ರು. ಪೇಂಟರ್ ಹುಡುಗ ಪಾಪ ಒಳ್ಳೆ ಮನಸ್ಸಿಂದ, ಕಲ್ಲೂ ಲಕಲಕ ಅನ್ಲಿ ಅಂತ ಹಿಂದೆ ಮುಂದೆ ಎಲ್ಲಾ ಕಪ್ಪು ಎನಾಮಲ್ ಬಳಿದುಬಿಟ್ಟ. ಸಂಜೆ ಹೋಗಿ ನೋಡಿದ್ರೆ ಐದೂ ಕಲ್ಲು ಹೊಸ ಬೈಕಿನ ಟ್ಯಾಂಕ್ ಥರ ಹೊಳೀತಿದ್ವು. ನಂಬರ್ ಹೋಯ್ತು. ನಂಬರ್ ಹೋದ್ರೆ ಹೋಗ್ಲಿ ರಿಜಿಸ್ಟರಲ್ಲಿ ಇರುತ್ತಲ್ಲ ಅಂತ ತೆಗೆದು ನೋಡಿದ್ರೆ, ಅಲ್ಲಿ ಐದು ಸಾಲು ಒಂದರ ಕೆಳಗೆ ಒಂದು: "ಕಲ್ಲು - 1, ಕಲ್ಲು - 1, ಕಲ್ಲು - 1..." ಮುಂದಿನ ಕಾಲಮ್ಮಿನಲ್ಲಿ ಊರಿನ ಹೆಸರು ಮಾತ್ರ ಇದೆ, ಐದು ಬೇರೆ ಬೇರೆ ಊರು. ಯಾವ ಕಲ್ಲು ಯಾವ ಊರಿಂದು? ಅದನ್ನ ವಾಪಸ್ ಹೊಂದಿಸೋಕೆ ನಮಗೆ ಎಂಟು ತಿಂಗಳು ಹಿಡೀತು, ಎರಡು ಕಲ್ಲು ಇನ್ನೂ ಹೊಂದಿಲ್ಲ.

ಅದಕ್ಕೇ ಹೇಳೋದು, ಬಣ್ಣ, ಟೈಲ್ಸು, ಸ್ಪಾಟ್ ಲೈಟು ಎಲ್ಲಾ ಆಮೇಲೆ.

ಮೊದಲು ಪಟ್ಟಿ

ಒಂದು ಉದ್ದದ ರೂಲ್ಡ್ ಬುಕ್ ತಗೊಳ್ಳಿ, ಹೊಲಿಗೆ ಹಾಕಿದ್ದು, ಸ್ಪೈರಲ್ ಬೇಡ, ಯಾಕಂದ್ರೆ ಸ್ಪೈರಲ್ ಬುಕ್ಕಲ್ಲಿ ಹಾಳೆ ಹರಿದು ತೆಗೆದ್ರೆ ಗೊತ್ತೇ ಆಗಲ್ಲ. ಪುಟಕ್ಕೆಲ್ಲಾ ನಂಬರ್ ಹಾಕಿ. ಇದು ಅಕ್ಸೆಷನ್ ರಿಜಿಸ್ಟರ್, ಅಂದ್ರೆ ಮ್ಯೂಸಿಯಮ್ಮಿಗೆ ಬಂದ ಒಂದೊಂದು ವಸ್ತುವಿನ ದಾಖಲೆ ಪುಸ್ತಕ. ಕಂಪ್ಯೂಟರಲ್ಲಿ ಎಕ್ಸೆಲ್ ಶೀಟೂ ಮಾಡಿ, ಬೇಡ ಅನ್ನಲ್ಲ, ಸರ್ಕಾರದ ಮ್ಯೂಸಿಯಂಗಳಿಗೆ ಅಂತ ಪುಣೆಯ ಸಿ-ಡ್ಯಾಕ್‌ನವರು ಮಾಡಿರೋ ಜತನ್ ಅನ್ನೋ ಸಾಫ್ಟ್‌ವೇರೂ ಇದೆ, ಆದ್ರೆ ಪೆನ್ನಲ್ಲಿ ಬರೆದ ಪುಸ್ತಕ ಒಂದು ಇರಲೇಬೇಕು. ನಮ್ಮ ಹಳೇ ಕಂಪ್ಯೂಟರ್ ಹಾರ್ಡ್ ಡಿಸ್ಕ್ ಕೂಡ ಅದೇ ಸೋರೋ ಕೋಣೆಯಲ್ಲೇ ಇತ್ತು, ಇಷ್ಟು ಹೇಳಿದ್ರೆ ಸಾಕಲ್ಲ.

ನಂಬರ್ ಸುಲಭವಾಗಿರ್ಲಿ: ವಸ್ತು ಬಂದ ವರ್ಷ, ಒಂದು ಚುಕ್ಕಿ, ಆಮೇಲೆ ಕ್ರಮಸಂಖ್ಯೆ. ಬಂದ ವರ್ಷ ಗೊತ್ತಿಲ್ದೇ ಇದ್ರೆ ಪಟ್ಟಿ ಮಾಡ್ತಿರೋ ವರ್ಷವನ್ನೇ ಹಾಕಿ ಪಕ್ಕದಲ್ಲಿ "ಹಳೇ ಸಂಗ್ರಹ" ಅಂತ ಬರೀರಿ, ಊಹೆ ಮಾಡ್ಬೇಡಿ. ಒಂದೊಂದಕ್ಕೂ ಏನದು, ಯಾವುದರಿಂದ ಮಾಡಿದ್ದು, ಉದ್ದ ಅಗಲ ದಪ್ಪ ಸೆಂಟಿಮೀಟರಲ್ಲಿ, ಎಲ್ಲಿ ಮುರಿದಿದೆ ಬಿರುಕಿದೆ, ಯಾವ ಊರಿಂದ ಬಂತು, ಯಾರು ಕೊಟ್ರು, ಈಗ ಎಲ್ಲಿ ಇಟ್ಟಿದೀವಿ, ಇಷ್ಟು ಬರೀಬೇಕು. ಫೋಟೋ ತೆಗೆಯುವಾಗ ಪಕ್ಕದಲ್ಲಿ ಸ್ಕೇಲು, ನಂಬರ್ ಬರೆದ ಚೀಟಿ ಎರಡೂ ಫ್ರೇಮ್ ಒಳಗೆ ಬರ್ಲಿ. ಮೊಬೈಲ್ ಸಾಕು, ಡಿಎಸ್ಎಲ್ಆರ್ ಇಟ್ಕೊಂಡಿರೋ ಹುಡುಗನ್ನ ಕಾಯ್ತಾ ಕೂತ್ರೆ ಯುಗಾದಿ ಹೋಗಿ ದೀಪಾವಳಿ ಬರುತ್ತೆ.

ಈ "ಯಾರು ಕೊಟ್ರು" ಕಾಲಮ್ ಬಗ್ಗೆ ನಾನು ಸ್ವಲ್ಪ ಹಠಮಾರಿ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಶಾಮಶಾಸ್ತ್ರಿಗಳ ಕೈಗೆ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆ ಕಟ್ಟು ಸಿಕ್ತಲ್ಲ, ಪ್ರಪಂಚಾನೇ ತಿರುಗಿ ನೋಡಿದ ಗ್ರಂಥ, ಅದನ್ನ ತಂದುಕೊಟ್ಟಿದ್ದು ತಂಜಾವೂರು ಕಡೆಯ ಒಬ್ಬ ಪಂಡಿತರು ಅಂತಷ್ಟೇ ಹೇಳ್ತಾರೆ. ಅಂಥಾ ಗ್ರಂಥದ ಗತಿಯೇ ಹಿಂಗಾದ್ರೆ ನಮ್ಮೂರಿನ ರಾಗಿ ಬೀಸೋ ಕಲ್ಲು ಕೊಟ್ಟ ಅಜ್ಜಿ ಹೆಸರು ಯಾರು ನೆನಪಿಡ್ತಾರೆ, ನೀವೇ ಬರೀಬೇಕು. ಕೊಟ್ಟವರು ಬದುಕಿದ್ರೆ ಈಗ್ಲೇ ಮನೆಗೆ ಹೋಗಿ, ಮೊಬೈಲಲ್ಲಿ ಧ್ವನಿ ರೆಕಾರ್ಡ್ ಮಾಡ್ಕೊಳ್ಳಿ, ಕೊಟ್ಟಿದ್ದು ಪೂರ್ತಿ ದಾನವೋ ಬರೀ ನೋಡೋಕೆ ಇಡ್ರಪ್ಪ ಅಂತ ಕೊಟ್ಟಿದ್ದೋ ಕೇಳಿ, ಒಂದು ಹಾಳೆ ಪತ್ರದಲ್ಲಿ ಸಹಿ ಅಥವಾ ಹೆಬ್ಬೆಟ್ಟು ಹಾಕಿಸ್ಕೊಳ್ಳಿ. ಮಕ್ಕಳು ಮೊಮ್ಮಕ್ಕಳ ಕಾಲಕ್ಕೆ ಪಂಚಾಯ್ತಿ ಆಗ್ಬಾರ್ದು ನೋಡಿ.

ಕಲ್ಲಿನ ಮೇಲೆ ಶಾಸನ ಇದ್ರೆ ಒಂದು ಅನುಕೂಲ ಇದೆ. ಬಿ.ಎಲ್. ರೈಸ್ ಅವರು ಊರೂರಿನ ಶಾಸನ ಸೇರಿಸಿ ತಂದ ಎಪಿಗ್ರಾಫಿಯಾ ಕರ್ನಾಟಿಕ ಅನ್ನೋ ಪುಸ್ತಕಮಾಲೆಯ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆದು, 1905ರಲ್ಲಿ ಬಂದಿದ್ದು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಯ್ತು, ಆದ್ರೆ ಪುಸ್ತಕದಲ್ಲಿ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ ಎಲ್ಲಾ ಇದರೊಳಗೇ ಇವೆ. ತುಮಕೂರಿನವರಾದ್ರೆ 12ನೇ ಸಂಪುಟ ನೋಡಿ. ನಿಮ್ಮ ಕಲ್ಲಲ್ಲಿ ಓದೋಕೆ ಸಿಗೋ ಎರಡು ಮೂರು ಪದ ಇಟ್ಕೊಂಡು ಅಲ್ಲಿ ಹುಡುಕಿದ್ರೆ ಊರು ಸಿಕ್ಕಿಬಿಡಬಹುದು, ನಮ್ಮ ಐದರಲ್ಲಿ ಎರಡು ಕಲ್ಲು ಹಂಗೇ ಹೊಂದಿದ್ದು. ಒಂದು ಎಚ್ಚರಿಕೆ, ಹಳೇ ತಾಲ್ಲೂಕಿನ ಹೆಸರು ನೋಡಿ ಗಾಬರಿ ಬೀಳ್ಬೇಡಿ, ಬೌರಿಂಗ್‌ಪೇಟೆ ಅಂದ್ರೆ ನಮ್ಮ ಬಂಗಾರಪೇಟೆನೇ. ಮತ್ತೆ ದಯವಿಟ್ಟು ಅಕ್ಷರ ಕಾಣ್ಲಿ ಅಂತ ಸೀಮೆಸುಣ್ಣ, ವಿಭೂತಿ, ಬಿಳೀ ಪೇಂಟು ತುಂಬ್ಬೇಡಿ. ರಾತ್ರಿ ಹೊತ್ತು ಟಾರ್ಚನ್ನ ಪಕ್ಕದಿಂದ ಓರೆಯಾಗಿ ಹಿಡೀರಿ, ಹಗಲಲ್ಲಿ ಕಾಣದ ಅಕ್ಷರ ಎದ್ದು ನಿಲ್ಲುತ್ತೆ, ಅದರ ಫೋಟೋ ತಗೊಳ್ಳಿ.

ವಸ್ತುವಿನ ಮೇಲೆ ನಂಬರ್ ಹಾಕೋದಕ್ಕೂ ಕ್ರಮ ಇದೆ. ಪ್ಯಾರಲಾಯ್ಡ್ ಬಿ-72 ಅಂತ ಒಂದು ರಾಳ ಸಿಗುತ್ತೆ, ಅಸಿಟೋನಲ್ಲಿ ಕರಗಿಸಿ ಕಾಣದ ಜಾಗದಲ್ಲಿ ಉಗುರಿನಷ್ಟು ಹಚ್ಚಿ, ಒಣಗಿದ ಮೇಲೆ ಇಂಡಿಯನ್ ಇಂಕಲ್ಲಿ ಬರೆದು, ಮೇಲೆ ಇನ್ನೊಂದು ಪದರ ಹಚ್ಚೋದು. ಮುಂದೆ ಬೇಡ ಅಂದ್ರೆ ಅಸಿಟೋನಲ್ಲೇ ಒರೆಸಿದ್ರೆ ಬಂದುಬಿಡುತ್ತೆ. ಬಟ್ಟೆ, ಬುಟ್ಟಿ, ಓಲೆಗರಿಗೆ ಇದೆಲ್ಲಾ ಬೇಡ, ಹತ್ತಿ ಲಾಡಿಯಲ್ಲಿ ಚೀಟಿ ಕಟ್ಟಿ ಸಾಕು. ಸೆಲ್ಲೋಟೇಪು, ಸ್ಟಿಕ್ಕರು, ಫೆವಿಕಾಲು ಮೂರೂ ಬಾಗಿಲಾಚೆ.

ಸಾಮಾನು ಖಾಲಿ ಮಾಡೋದು

ರಿಪೇರಿ ಶುರು ಆಗೋ ಮುಂಚೆ ಒಳಗಿರೋದೆಲ್ಲಾ ಹೊರಗೆ ಹೋಗ್ಬೇಕು. "ಒಂದು ಮೂಲೆಗೆ ತಳ್ಳಿ ಟಾರ್ಪಾಲ್ ಹೊದಿಸ್ತೀವಿ ಸಾರ್" ಅಂತ ಮೇಸ್ತ್ರಿ ಹೇಳ್ತಾರೆ, ಕೇಳ್ಬೇಡಿ. ಟಾರ್ಪಾಲ್ ಒಳಗೆ ಬೆವರು ಕಟ್ಟಿ ಒಂದು ವಾರಕ್ಕೆ ಬೂಷ್ಟು ಬರುತ್ತೆ.

ಸಣ್ಣ ಸಾಮಾನಿಗೆ ನಮಗೆ ಸಿಕ್ಕ ದೊಡ್ಡ ಉಪಾಯ ಅಂದ್ರೆ ಟೊಮೆಟೊ ಕ್ರೇಟು. ಕೋಲಾರದಲ್ಲಿ ಅದಕ್ಕೇನು ಬರ, ಎಪಿಎಂಸಿ ಕಡೆ ಹೋದ್ರೆ ಗುಡ್ಡೆ ಗುಡ್ಡೆ. ಗಾಳಿ ಆಡುತ್ತೆ, ಒಂದರ ಮೇಲೊಂದು ಕೂರುತ್ತೆ, ಇಬ್ಬರು ಎತ್ತಬಹುದು. ಸೋಪಿನ ನೀರಲ್ಲಿ ಚೆನ್ನಾಗಿ ತೊಳೆದು ಎರಡು ದಿನ ಬಿಸಿಲಿಗೆ ಹಾಕಿ, ಒಂದು ಹನಿ ಹಣ್ಣಿನ ರಸ ಉಳಿದ್ರೂ ಇರುವೆ ಜಿರಳೆ ಎರಡಕ್ಕೂ ಹಬ್ಬ. ತಳಕ್ಕೆ ಒಗೆದ ಕೋರಾ ಬಟ್ಟೆ ಹಾಸಿ, ನ್ಯೂಸ್ ಪೇಪರ್ ಬೇಡ, ಅದರ ಮಸಿ ಅಂಟುತ್ತೆ, ಕಾಗದದಲ್ಲೇ ಆಮ್ಲ ಇರುತ್ತೆ. ಕ್ರೇಟಿಗೊಂದು ನಂಬರ್, ಒಳಗಿರೋ ಪಟ್ಟಿಯ ಒಂದು ಪ್ರತಿ ಕ್ರೇಟಲ್ಲಿ, ಇನ್ನೊಂದು ಫೈಲಲ್ಲಿ.

ಕಲ್ಲು ಎತ್ತೋಕೆ ಮುಂಚೆ ತೂಕ ಲೆಕ್ಕ ಹಾಕಿ. ನಮ್ಮ ಕಡೆಯ ಕಣಶಿಲೆ (ಗ್ರಾನೈಟ್) ಒಂದು ಘನ ಅಡಿಗೆ ಹತ್ರ ಹತ್ರ 75 ಕೆ.ಜಿ. ತೂಗುತ್ತೆ. ನಾಲ್ಕು ಅಡಿ ಎತ್ತರ, ಎರಡು ಅಡಿ ಅಗಲ, ಅರ್ಧ ಅಡಿ ದಪ್ಪದ ವೀರಗಲ್ಲು ಅಂದ್ರೆ ನಾಲ್ಕು ಘನ ಅಡಿ, 300 ಕೆ.ಜಿ. ಆಯ್ತು. "ನಾಲ್ಕು ಜನ ಹುಡುಗ್ರು ಬನ್ರಪ್ಪ" ಅಂತ ಕರೆದು ಎತ್ತೋ ವಸ್ತು ಅಲ್ಲ ಅದು, ಕಾಲ್ಬೆರಳು ಹೋಗುತ್ತೆ. ಚೈನ್ ಪುಲ್ಲಿ ತರಿಸಿ, ಕಲ್ಲಿಗೆ ಗೋಣಿಚೀಲ, ಹಳೇ ಸೈಕಲ್ ಟ್ಯೂಬ್ ಸುತ್ತಿ ಅದರ ಮೇಲೆ ಬೆಲ್ಟ್ ಹಾಕಿ, ಬರಿಗಲ್ಲಿಗೆ ಚೈನ್ ತಾಗಿಸ್ಬೇಡಿ. ಕಂಬಕ್ಕೆ ಕಲ್ಲು ಕೊರೆದು ನಿಲ್ಲಿಸೋ ವಡ್ಡರ ಕುಟುಂಬದವರು ನಿಮ್ಮೂರ ಹತ್ರ ಇದ್ರೆ ಅವರನ್ನೇ ಕರೀರಿ, ಜೆಸಿಬಿಯವನಿಗಿಂತ ಸಾವಿರ ಪಾಲು ವಾಸಿ, ಕಲ್ಲಿನ ನಡು ಎಲ್ಲಿದೆ ಅಂತ ಕಣ್ಣಲ್ಲೇ ಹೇಳ್ತಾರೆ.

ಕಟ್ಟಡ

ಸೋರಿಕೆ ಎಲ್ಲಿಂದ ಅಂತ ತಿಳೀದೇ ಒಂದು ರೂಪಾಯಿ ಖರ್ಚು ಮಾಡ್ಬೇಡಿ. ನಮ್ಮದು ಮದ್ರಾಸ್ ಟೆರೇಸ್, ಮರದ ತೊಲೆ ಮೇಲೆ ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ಹಿಂದೆ ಯಾರೋ ಅದರ ಮೇಲೆ ಸಿಮೆಂಟು ಬಳಿದಿದ್ರು, ಸಿಮೆಂಟು ಬಿರುಕು ಬಿಟ್ಟು ನೀರು ಒಳಗೆ ಹೋಯ್ತು, ಆದ್ರೆ ಹೊರಗೆ ಆವಿಯಾಗಿ ಹೋಗೋಕೆ ದಾರಿ ಇಲ್ಲ, ತೊಲೆ ಕೊಳೀತು. ಸುಣ್ಣದ ಗೋಡೆ ಉಸಿರಾಡುತ್ತೆ, ಸಿಮೆಂಟ್ ಉಸಿರುಕಟ್ಟಿಸುತ್ತೆ, ಹಳೇ ಕಟ್ಟಡಕ್ಕೆ ಸುಣ್ಣದ ಗಾರೆಯೇ ಆಗ್ಬೇಕು. ಬೆಲ್ಲ, ಅಳಲೆಕಾಯಿ ನೀರು ಹಾಕಿ ಗಾರೆ ಅರೆಯೋ ಹಳಬರು ಇನ್ನೂ ಇದಾರೆ, ಹುಡುಕ್ಬೇಕು ಅಷ್ಟೇ, ನಮಗೆ ಒಬ್ಬರು ಸಿಕ್ಕಿದ್ದು ದೇವಸ್ಥಾನದ ಕೆಲಸ ಮಾಡ್ತಿದ್ದ ಜಾಗದಲ್ಲಿ. ಎಂಜಿನಿಯರು "ಇದಕ್ಕೆ ಎಸ್ಆರ್ ರೇಟ್ ಇಲ್ಲ" ಅಂತಾರೆ, ಅಂದ್ರೆ ಸರ್ಕಾರಿ ದರಪಟ್ಟಿಯಲ್ಲಿ ಇಲ್ಲ ಅಂತ, ಆ ಜಗಳ ನೀವು ಒಂದ್ಸಲ ಆಡ್ಲೇಬೇಕು, ಬೇರೆ ದಾರಿ ಇಲ್ಲ. ನೀರು ಹೋಗೋ ಕೊಳವೆ ಮತ್ತು ಪಕ್ಕದ ಆಲದ ಸಸಿ, ಇವೆರಡನ್ನ ಪ್ರತಿ ಮೇ ತಿಂಗಳು ನೋಡ್ಬೇಕು.

ಗೆದ್ದಲಿಗೆ ಗೋಡೆ ನೆಲ ಸೇರೋ ಕಡೆ ಉದ್ದಕ್ಕೂ ತೂತು ಹಾಕಿ ಔಷಧಿ ಬಿಡಿಸೋದು ಸಾಮಾನು ವಾಪಸ್ ತರೋಕೆ ಮುಂಚೆನೇ ಆಗ್ಲಿ. ವೈರಿಂಗ್ ಪೂರ್ತಿ ಹೊಸದು ಮಾಡಿಸಿ, ಎಂಸಿಬಿ (ಲೋಡ್ ಜಾಸ್ತಿಯಾದ್ರೆ ಕರೆಂಟ್ ಕಡಿಯೋ ಸ್ವಿಚ್ಚು) ಜೊತೆಗೆ ಕರೆಂಟ್ ಸೋರಿದ್ರೆ ಕಡಿಯೋ ಆರ್‌ಸಿಸಿಬಿ ಹಾಕಿಸಿ. ರ್ಯಾಕು ಮರದ್ದು ಬೇಡ, ಕಬ್ಬಿಣದ ಸ್ಲಾಟೆಡ್ ಆಂಗಲ್ ಸಾಕು, ನೆಲದಿಂದ ಅರ್ಧ ಅಡಿ ಮೇಲೆ, ಗೋಡೆಯಿಂದ ನಾಲ್ಕು ಬೆರಳು ದೂರ, ಹಿಂದೆ ಟಾರ್ಚ್ ಹಾಕಿ ನೋಡೋ ಹಾಗಿರ್ಲಿ.

ಇನ್ನೊಂದು ಮಾತು, ಬಣ್ಣ ಹೊಡೆದ ಮಾರನೇ ದಿನವೇ ಸಾಮಾನು ಜೋಡಿಸ್ಬೇಡಿ. ಹೊಸ ಪೇಂಟು, ಪ್ಲೈವುಡ್ಡು, ಅಂಟು ಇವುಗಳಿಂದ ಆವಿ ಬರ್ತಾನೇ ಇರುತ್ತೆ, ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಅದು ತಾಮ್ರ ಸೀಸದ ನಾಣ್ಯಗಳನ್ನ ತಿನ್ನುತ್ತೆ. ಮೂರ್ನಾಲ್ಕು ವಾರ ಬಾಗಿಲು ಕಿಟಕಿ ತೆಗೆದು ಗಾಳಿ ಆಡ್ಲಿ. ಉದ್ಘಾಟನೆ ಡೇಟ್ ಫಿಕ್ಸ್ ಆಗಿದೆ ಅಂತ ಎಲ್ಲರೂ ಇಲ್ಲೇ ಎಡವೋದು.

ತೊಳೆಯೋ ಹುಚ್ಚು ಬೇಡ

ನಮ್ಮಲ್ಲಿ ಸ್ವಚ್ಛ ಮಾಡೋದು ಅಂದ್ರೆ ತಿಕ್ಕೋದು. ಸೇವೆಗೆ ಅಂತ ಬಂದ ನಮ್ಮ ಬಳಗದ ಅಕ್ಕಂದಿರು ಹಳೇ ಹಿತ್ತಾಳೆ ದೀಪಾಲೆ ಕಂಬಾನ ಹುಣಸೆಹಣ್ಣು ಹಾಕಿ ಫಳಫಳ ಮಾಡಿಟ್ರು, ಬುಡದಲ್ಲಿ ಇದ್ದ ಕೆತ್ತಿದ ಅಕ್ಷರ ಇನ್ನಷ್ಟು ಸವೀತು. ಬೈಯೋಕೂ ಆಗಲ್ಲ, ಅಷ್ಟು ಪ್ರೀತಿಯಿಂದ ಮಾಡಿದ್ರು. ಹಂಗಾಗಿ ಮೊದಲೇ ಹೇಳಿಡಿ: ಒಣ ಮೆತ್ತನೆ ಬ್ರಷ್ ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ತಾಮ್ರ ಕಂಚಿನ ಮೇಲೆ ಒಂದೇ ಸಮ ಹಸಿರು ಕಪ್ಪು ಪದರ ಇದ್ರೆ ಅದು ಕೊಳೆ ಅಲ್ಲ, ಲೋಹಕ್ಕೆ ಅದೇ ಕವಚ. ಆದ್ರೆ ತಿಳಿ ಹಸಿರು ಪುಡಿ ಉದುರ್ತಾ ಇದ್ರೆ ಅದು ರೋಗ, ಆ ವಸ್ತು ಬೇರೆ ಮಾಡಿ, ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬದಲ್ಲಿಟ್ಟು ಗೊತ್ತಿದ್ದವರಿಗೆ ತೋರಿಸಿ. ನೀಲಿ ಸಿಲಿಕಾ ಜೆಲ್ ತೇವ ಕುಡಿದ್ರೆ ಗುಲಾಬಿ ಆಗುತ್ತೆ, ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದ್ರೆ ಮತ್ತೆ ನೀಲಿ, ಆ ಬಾಣಲೆ ಮಾತ್ರ ಆಮೇಲೆ ಅಡುಗೆಗೆ ತಗೋಬೇಡಿ.

ಓಲೆಗರಿ ಕಟ್ಟು ಇದ್ರೆ ದಾರ ಬಿಚ್ಚೋದು, ಅಂಟಿಕೊಂಡ ಗರಿ ಎಳೆಯೋದು, ಕೊಬ್ಬರಿ ಎಣ್ಣೆ ಸವರೋದು ಯಾವ್ದೂ ಮಾಡ್ಬೇಡಿ. ಸಿಟ್ರೊನೆಲ್ಲಾ, ನಿಂಬೆಹುಲ್ಲಿನ ಎಣ್ಣೆ ಸವರ್ತಾರೆ ನಿಜ, ಆದ್ರೆ ಅದು ಕೈ ಪಳಗಿದವರ ಕೆಲಸ. ಮೈಸೂರಲ್ಲಿ ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಇದೆ, ಪ್ರಾಚ್ಯವಿದ್ಯಾ ಸಂಶೋಧನಾಲಯವೂ ಇದೆ, ಪತ್ರ ಬರೆದು ಕೇಳೋಕೆ ಸಂಕೋಚ ಬೇಡ. ಹುಳ ಬಿದ್ದ ಕಂಬಳಿ, ರೇಷ್ಮೆ ಸೀರೆ, ಲೆಕ್ಕದ ಪುಸ್ತಕ ಇದ್ರೆ ಪ್ಲಾಸ್ಟಿಕ್ ಕವರಲ್ಲಿ ಗಾಳಿ ತೆಗೆದು ಬಿಗಿಯಾಗಿ ಸೀಲ್ ಮಾಡಿ, ಮೈನಸ್ 20 ಡಿಗ್ರಿ ಇರೋ ಡೀಪ್ ಫ್ರೀಜರಲ್ಲಿ ಎರಡು ವಾರ ಇಟ್ರೆ ಹುಳ ಮೊಟ್ಟೆ ಎಲ್ಲಾ ಸಾಯುತ್ತೆ, ಹೊರಗೆ ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬೇಡಿ, ಇಲ್ಲಾಂದ್ರೆ ತೇವ ಅದರ ಮೇಲೇ ಕೂರುತ್ತೆ. ನಾವು ಐಸ್‌ಕ್ರೀಮ್ ಅಂಗಡಿ ಗೆಳೆಯನ ಫ್ರೀಜರಲ್ಲಿ ಕಂಬಳಿ ಇಟ್ಟಿದ್ವಿ, ಅವನ ಹೆಂಡತಿ ಇವತ್ತಿಗೂ ಅದನ್ನ ಹೇಳಿ ಬೈತಾರೆ.

ಎನಾಮಲ್ ಬಳಿದ ನಮ್ಮ ವೀರಗಲ್ಲು ಏನಾಯ್ತು ಅಂತೀರಾ? ವೈರ್ ಬ್ರಷ್, ಸ್ಯಾಂಡ್ ಬ್ಲಾಸ್ಟಿಂಗ್ ಎರಡೂ ಬೇಡ ಅಂತ ತಿಳಿದವರು ಹೇಳಿದ್ರು. ಅವರೇ ಬಂದು ಒಂದು ಕಲ್ಲಿಗೆ ದ್ರಾವಕ ಹಚ್ಚಿ ಹತ್ತಿಯಲ್ಲಿ ಅಂಗೈಯಗಲ ಅಂಗೈಯಗಲ ತೆಗೆದ್ರು, ಮೂರು ದಿನ ಆಯ್ತು. ಉಳಿದ ನಾಲ್ಕು ಇನ್ನೂ ಕರ್ರಗೇ ಇವೆ.

ಕಾನೂನು, ಬೇಜಾರಾದ್ರೂ ಓದಿ

1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಶಿಲ್ಪ, ನಾಣ್ಯ, ಲೋಹದ ವಿಗ್ರಹ ಇವೆಲ್ಲಾ ಪುರಾತನ ವಸ್ತು, ಹಸ್ತಪ್ರತಿ ದಾಖಲೆಗಳಾದ್ರೆ 75 ವರ್ಷ ಸಾಕು. ಇವುಗಳಲ್ಲಿ ಕೆಲವು ಬಗೆಯವನ್ನ, ಉದಾಹರಣೆಗೆ ಕಲ್ಲಿನ ಲೋಹದ ಶಿಲ್ಪಗಳನ್ನ, ನೋಂದಣಿ ಅಧಿಕಾರಿ ಹತ್ರ ನೋಂದಾಯಿಸ್ಬೇಕು. ಹೊಲ ಉಳುವಾಗ, ಪಾಯ ತೋಡುವಾಗ ನಾಣ್ಯದ ಕುಡಿಕೆ ಸಿಕ್ತು ಅಂತ ಯಾರಾದ್ರೂ ನಿಮ್ಮ ಮ್ಯೂಸಿಯಮ್ಮಿಗೆ ತಂದ್ರೆ ಖುಷಿಯಿಂದ ಶೋಕೇಸಲ್ಲಿ ಇಟ್ಕೋಬೇಡಿ, ನಮ್ಮ ರಾಜ್ಯಕ್ಕೆ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ, ನಿಧಿ ಸಿಕ್ರೆ ಜಿಲ್ಲಾಧಿಕಾರಿಗೆ ತಿಳಿಸ್ಬೇಕು. ತಹಶೀಲ್ದಾರ್ ಆಫೀಸಿಗೆ ತಂದವರ ಜೊತೆಯಲ್ಲೇ ಹೋಗಿ.

ಅದಕ್ಕಿಂತ ಜಾಸ್ತಿ ತಲೆನೋವು ಜಿಂಕೆ ಕೊಂಬು. ಬಾಗಿಲು ತೆಗೀತೀವಿ ಅಂತ ಸುದ್ದಿ ಆದ ವಾರದಲ್ಲೇ ನಮಗೆ ಎರಡು ಜೊತೆ ಕೊಂಬು, ಒಂದು ಚರ್ಮ ಬಂತು, "ನಮ್ಮ ತಾತನ ಕಾಲದ್ದು ಇಟ್ಕೊಳ್ಳಿ" ಅಂತ. ವನ್ಯಜೀವಿ ಕಾಯ್ದೆ ಅಡಿ ಮಾಲೀಕತ್ವದ ಸರ್ಟಿಫಿಕೇಟ್ ಇಲ್ದೇ ಅದನ್ನ ಇಟ್ಕೊಂಡ್ರೆ ನೀವೂ ಆರೋಪಿ, ಕೊಟ್ಟವರೂ ಆರೋಪಿ. ಕೈಮುಗಿದು ಅರಣ್ಯ ಇಲಾಖೆ ದಾರಿ ತೋರಿಸಿ. ಹಳೇ ಬಂದೂಕು ಇದ್ರೆ ಪೊಲೀಸ್ ಸ್ಟೇಷನ್ನಲ್ಲಿ ಕೇಳದೇ ಮುಟ್ಬೇಡಿ.

ಏನು ತೋರಿಸೋದು

ಇದ್ದಿದ್ದೆಲ್ಲಾ ಹೊರಗೆ ಇಡ್ಬೇಕು ಅನ್ನೋ ಆಸೆ ಬಿಡಿ. ನಮ್ಮ ಹತ್ರ 340 ವಸ್ತು ಇವೆ, ಹೊರಗೆ ಇಟ್ಟಿದ್ದು 70. ಮುಂಚೆ ಒಂದೇ ಶೋಕೇಸಲ್ಲಿ ನಾಣ್ಯ, ಅಡಕತ್ತರಿ, ಟಿಪ್ಪು ಕಾಲದ್ದು ಅಂತ ಹೇಳೋ ಒಂದು ಕತ್ತಿ ಹಿಡಿ, ಯಾರದೋ ಹಲ್ಲು ಸೆಟ್ಟು ಎಲ್ಲಾ ಒಟ್ಟಿಗೆ ಇತ್ತು. ಈಗ ಎರಡೇ ಕತೆ ಹೇಳ್ತಿದೀವಿ. ಒಂದು ಕೋಣೆ ಕೆರೆಯದ್ದು, ಇನ್ನೊಂದು ಗಣಿಯದ್ದು.

ಎಲ್ಲರೂ ಗಂಗರಿಂದ ಶುರು ಮಾಡಿ ಅಂದ್ರು. ಕೋಲಾರ ಅಂದ್ರೆ ಕುವಲಾಲ, ಗಂಗರ ಮೊದಲ ರಾಜಧಾನಿ, ಅವರು ತಲಕಾಡಿಗೆ ಹೋದ್ಮೇಲೂ ಬಿರುದಿನಲ್ಲಿ ಕುವಲಾಲಪುರವರೇಶ್ವರ, ನಂದಗಿರಿನಾಥ ಅಂತ ಹೇಳ್ಕೊಳ್ಳೋದು ಬಿಡಲಿಲ್ಲ, ಹೆಮ್ಮೆಯ ಮಾತೇ. ಅದನ್ನ ಒಂದು ಫಲಕದಲ್ಲಿ ಹಾಕಿದೀವಿ. ಆದ್ರೆ ನಮ್ಮ ಕೈಯಲ್ಲಿ ಇರೋ ವಸ್ತು ಹೇಳೋ ಕತೆ ಬೇರೆ. ವರ್ಷಪೂರ್ತಿ ಹರಿಯೋ ನದಿ ಇಲ್ಲದ ಸೀಮೆ, ಕೆರೆ ಕಟ್ಟಿ ಬದುಕಿದವರು ನಾವು. ತೂಬಿನ ಕಲ್ಲು, ಕೆರೆ ನೀರು ಹಂಚೋ ನೀರಗಂಟಿ ಹಿಡೀತಿದ್ದ ಗುದ್ದಲಿ, ಕೆರೆಗೆ ದತ್ತಿ ಬಿಟ್ಟ ಶಾಸನದ ಫೋಟೋ, ಎತ್ತು ಕಟ್ಟಿ ಬಾವಿ ನೀರು ಎತ್ತೋ ಕಪಿಲೆಯ ಚರ್ಮದ ಚೀಲ, ಆಮೇಲೆ ಒಂದು ಬೋರ್‌ವೆಲ್ ಬಿಟ್ (ನೆಲ ಕೊರೆಯೋ ಮೊನೆ), ಕೊನೆಗೆ ಬೆಂಗಳೂರಿನ ಕೊಳಚೆ ನೀರು ಸಂಸ್ಕರಿಸಿ ಕೆರೆ ತುಂಬಿಸೋ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದ ಮೇಲಿನ ಕೆರೆ ಫೋಟೋ. ಬೋರ್‌ವೆಲ್ ಬಿಟ್ ಮ್ಯೂಸಿಯಂ ವಸ್ತುನಾ ಅಂತ ಕಮಿಟಿಯಲ್ಲಿ ದೊಡ್ಡ ವಾದ ಆಯ್ತು. ಈಗ ರೈತರು ಬಂದ್ರೆ ಅದರ ಮುಂದೇನೇ ಜಾಸ್ತಿ ಹೊತ್ತು ನಿಲ್ತಾರೆ, ಎಷ್ಟು ಅಡಿ ಕೊರೆಸಿದ್ವಿ ಅಂತ ಅವರವರ ಲೆಕ್ಕ ಶುರು ಆಗುತ್ತೆ.

ಗಣಿ ಕೋಣೆಗೆ ಕೆಜಿಎಫ್‌ನಿಂದ ಬಂದ ಸಾಮಾನು. 1880ರಲ್ಲಿ ಜಾನ್ ಟೇಲರ್ ಕಂಪ್ನಿ ಬಂದಿದ್ದು, 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂದಿದ್ದು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ್ದು ಇವೆಲ್ಲಾ ಗೋಡೆ ಮೇಲೆ ಮೂರು ಸಾಲು. ಜನ ನೋಡೋದು ಹೆಲ್ಮೆಟ್ ಲ್ಯಾಂಪು, ಟಿಫನ್ ಕ್ಯಾರಿಯರ್ರು. ಲ್ಯಾಂಪಿನ ಬ್ಯಾಟರಿ ಮರೀದೇ ತೆಗೆದಿಡಿ, ಸೋರಿ ಎಲ್ಲಾ ತಿನ್ನುತ್ತೆ. ಅಲ್ಲಿ ಕೆಲಸ ಮಾಡಿದವರು ಇನ್ನೂ ಇದಾರೆ, ಬಹಳಷ್ಟು ಜನ ಮನೆಯಲ್ಲಿ ತಮಿಳು ಮಾತಾಡೋರು, ಅವರ ಮಾತನ್ನ ಅವರ ಭಾಷೆಯಲ್ಲೇ ರೆಕಾರ್ಡ್ ಮಾಡಿ ಆಮೇಲೆ ಕನ್ನಡದಲ್ಲಿ ಬರ್ಕೊಳ್ಳಿ.

ಇನ್ನು ಲೇಬಲ್ಲು. ನಮ್ಮ ಹಳೇ ಲೇಬಲ್ ಹಿಂಗಿತ್ತು: "ವೀರಗಲ್ಲು. ಶಿಲೆ. ಪ್ರಾಚೀನ ಕಾಲ." ಇದನ್ನ ಓದಿ ಯಾವ ಮಗು ನಿಲ್ಲುತ್ತೆ? ಈಗ ಬರೆದಿದ್ದು: "ಕೆಳಗಿಂದ ಮೇಲೆ ನೋಡಿ. ಕೆಳಗಡೆ ಹಸುಗಳ ಸಾಲು, ಅವನ್ನ ಹೊಡ್ಕೊಂಡು ಹೋಗೋಕೆ ಬಂದವರ ಮೇಲೆ ಒಬ್ಬ ಬಿಲ್ಲು ಎತ್ತಿದಾನೆ. ನಡುವೆ ಅವನನ್ನ ಇಬ್ಬರು ಅಪ್ಸರೆಯರು ಹೊತ್ತೊಯ್ತಿದಾರೆ. ಮೇಲೆ ಲಿಂಗದ ಮುಂದೆ ಕೂತಿದಾನೆ. ಊರ ದನ ಉಳಿಸೋಕೆ ಸತ್ತವನಿಗೆ ಊರವರು ನಿಲ್ಲಿಸಿದ ಕಲ್ಲು." ಏನು ಬರೀಬೇಕು ಅಂತ ತೋಚದೇ ಇದ್ರೆ, ಪಕ್ಕದಲ್ಲಿ ನಿಂತಿರೋ ಹತ್ತು ವರ್ಷದ ಹುಡುಗಿಗೆ ಬೆರಳು ತೋರಿಸಿ ಏನು ಹೇಳ್ತೀರೋ ಅದನ್ನೇ ಬರೀರಿ, ಐವತ್ತು ಪದ ದಾಟ್ಬೇಡಿ.

ಪ್ರಿಂಟಿಂಗಲ್ಲಿ ಒಂದು ಗುಂಡಿ ಇದೆ, ಎಲ್ಲರೂ ಬೀಳ್ತಾರೆ. ನೀವು ಯುನಿಕೋಡಲ್ಲಿ ಟೈಪ್ ಮಾಡಿ ಕಳಿಸ್ತೀರ, ಫ್ಲೆಕ್ಸ್ ಅಂಗಡಿಯವರು ತಮ್ಮ ಡಿಸೈನ್ ಸಾಫ್ಟ್‌ವೇರಲ್ಲಿ ಹಳೇ ನುಡಿ ಫಾಂಟಿಗೆ ಬದಲಾಯಿಸ್ತಾರೆ, ಒತ್ತಕ್ಷರ ಎಲ್ಲಾ ಹಾರಿ ಹೋಗುತ್ತೆ. ನಮ್ಮ ಮೊದಲ ಪ್ರೂಫಲ್ಲಿ "ಅಪ್ಸರೆ" ಹೋಗಿ "ಅಪರೆ" ಆಗಿತ್ತು. ಪಿಡಿಎಫ್ ಮಾಡಿ ಕಳಿಸಿ, ಕನ್ನಡ ಮೇಷ್ಟ್ರೊಬ್ಬರ ಹತ್ರ ಪ್ರೂಫ್ ಓದಿಸಿ, ಅಂಗಡಿಯಲ್ಲೇ ನಿಂತು ಓದಿಸಿ. ಅಕ್ಷರ ಮೂರಡಿ ದೂರದಿಂದ ಕನ್ನಡಕ ಇಲ್ದೇ ಓದೋ ಹಾಗಿರ್ಲಿ, ಮತ್ತೆ ಹೊಳೆಯೋ ಲ್ಯಾಮಿನೇಷನ್ ಬೇಡ, ಲೈಟ್ ಬಿದ್ರೆ ಏನೂ ಕಾಣಲ್ಲ.

ಲೈಟ್ ಅಂದ್ರೆ ನೆನಪಾಯ್ತು, ಕಾಗದ, ಬಟ್ಟೆ, ಓಲೆಗರಿ ಮೇಲೆ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ಮೀರಬಾರದು, ಅಂದ್ರೆ ಒಳಗೆ ಬಂದಾಗ ಸ್ವಲ್ಪ ಮಂಕು ಅನ್ಸುತ್ತೆ, ಕಣ್ಣು ಒಗ್ಗಿದ ಮೇಲೆ ಸರಿಯಾಗುತ್ತೆ. ಮೊಬೈಲ್ ಆಪ್ ಅಂದಾಜು ತೋರಿಸುತ್ತೆ. ಕಲ್ಲಿಗೆ ಎಷ್ಟು ಬೇಕಾದ್ರೂ ಬೆಳಕು ಹಾಕಿ, ಅದಕ್ಕೇನೂ ಆಗಲ್ಲ.

ರ್‍ಯಾಂಪ್ ಹಾಕಿಸುವಾಗ ಒಂದಕ್ಕೆ ಹನ್ನೆರಡು ಲೆಕ್ಕ, ಜಗಲಿ ಒಂದೂವರೆ ಅಡಿ ಎತ್ತರ ಇದ್ರೆ ರ್‍ಯಾಂಪ್ 18 ಅಡಿ ಉದ್ದ ಬೇಕು. ಕಂಟ್ರಾಕ್ಟರು ಆರು ಅಡಿಯಲ್ಲಿ ಮುಗಿಸಿ ಜಾರುಬಂಡೆ ಮಾಡಿ ಕೊಡ್ತಾರೆ, ಟೇಪು ಹಿಡಿದು ನಿಂತ್ಕೊಳ್ಳಿ. ಕುಡಿಯೋ ನೀರು, ಹೆಣ್ಮಕ್ಕಳಿಗೆ ಚಿಲಕ ಹಾಕೋ ಟಾಯ್ಲೆಟ್ಟು, ಕೂರೋಕೆ ನಾಲ್ಕು ಬೆಂಚು.

ದುಡ್ಡಿನ ವಿಷಯ ಚಿಕ್ಕದಾಗಿ. ಕೇಂದ್ರ ಸಂಸ್ಕೃತಿ ಸಚಿವಾಲಯದ ಮ್ಯೂಸಿಯಂ ಗ್ರ್ಯಾಂಟ್ ಸ್ಕೀಮಿಗೆ ನೋಂದಾಯಿತ ಟ್ರಸ್ಟು, ಸೊಸೈಟಿಗಳೂ ಅರ್ಜಿ ಹಾಕಬಹುದು. ಕಂಪ್ನಿಗಳು ಸಮಾಜದ ಕೆಲಸಕ್ಕೆ ಅಂತ ಕೊಡೋ ಸಿಎಸ್ಆರ್ ದುಡ್ಡಿಗೆ ಪರಂಪರೆ ರಕ್ಷಣೆಯೂ ಸೇರುತ್ತೆ, ಅದಕ್ಕೆ ಆದಾಯ ತೆರಿಗೆಯವರ ಹತ್ರ 12ಎ, 80ಜಿ ಅಂತ ಕರೆಯೋ ನೋಂದಣಿ, ಕಂಪ್ನಿ ಇಲಾಖೆಯಲ್ಲಿ ಸಿಎಸ್ಆರ್-1 ನೋಂದಣಿ ಮುಂಚೆನೇ ಮಾಡಿಟ್ಟುಕೊಳ್ಳಿ. ನರಸಾಪುರ, ವೇಮಗಲ್ ಕಡೆ ಫ್ಯಾಕ್ಟ್ರಿಗಳಿವೆ, ಕೇಳಿದ್ರೆ ಶೋಕೇಸಿಗೆ ಕೊಡ್ತಾರೆ, ಸೋರಿಕೆಗೆ ಕೊಡೋರು ಕಡಿಮೆ, ಯಾಕಂದ್ರೆ ಸೋರಿಕೆ ನಿಂತಿದ್ದರ ಮೇಲೆ ಹೆಸರು ಬರೆಸೋಕೆ ಆಗಲ್ಲ.

ಬಾಗಿಲು ತೆಗೆಯೋ ದಿನ

ದೊಡ್ಡವರ ಡೇಟಿಗೆ ಕಾಯ್ತಾ ನಾವು ಎರಡು ತಿಂಗಳು ಕಳೆದ್ವಿ. ಆ ಎರಡು ತಿಂಗಳಲ್ಲಿ ಸುಮ್ನೆ ಇರದೇ ಪಕ್ಕದ ಸ್ಕೂಲಿನ ಮಕ್ಕಳನ್ನ 20, 20 ಜನ ಕರ್ಕೊಂಡು ಬಂದು ಓಡಾಡಿಸಿದ್ವಿ, ಅದೇ ಒಳ್ಳೇದಾಯ್ತು. ಎಲ್ಲಿ ಎಡವ್ತಾರೆ, ಏನು ಮುಟ್ತಾರೆ, ಎಲ್ಲಿ ಬೋರ್ ಹೊಡೆಯುತ್ತೆ ಎಲ್ಲಾ ಗೊತ್ತಾಯ್ತು. ಮುಟ್ಬೇಡಿ ಅಂದ್ರೆ ಮುಟ್ಟೇ ಮುಟ್ತಾರೆ, ಅದಕ್ಕೆ ಒಂದು ರಾಗಿ ಕಲ್ಲು, ಒಂದು ಒನಕೆ "ಮುಟ್ಟಿ" ಅಂತಲೇ ಬರೆದು ಇಟ್ವಿ. ನೀವೂ ನಿಜವಾದ ಉದ್ಘಾಟನೆಗೆ ಮುಂಚೆ ಹಿಂಗೆ ಒಂದು ತಿಂಗಳು ಗುಟ್ಟಾಗಿ ತೆಗೀರಿ. ನೆಪ ಬೇಕು ಅಂದ್ರೆ ಮೇ 18 ಅಂತರರಾಷ್ಟ್ರೀಯ ಮ್ಯೂಸಿಯಂ ದಿನ ಇದೆ, ಆದ್ರೆ ಸ್ಕೂಲಿಗೆ ರಜೆ, ನವೆಂಬರ್ 19ರಿಂದ 25ರ ವಿಶ್ವ ಪರಂಪರೆ ಸಪ್ತಾಹ ವಾಸಿ. ವೇದಿಕೆ ಮುಂದಿನ ಸಾಲು ವಸ್ತು ಕೊಟ್ಟ ಮನೆಯವರಿಗೆ ಮೀಸಲಿಡಿ, ಶಾಲು ಹಾರ ಅವರಿಗೇ ಹಾಕಿ.

ಬಾಗಿಲ ಹತ್ರ ಒಂದು ನೋಟ್ ಬುಕ್ಕು, ದಾರ ಕಟ್ಟಿದ ಪೆನ್ಸಿಲು ಇಡಿ. ಅಭಿಪ್ರಾಯ ಪುಸ್ತಕ ಅಂತ ಬರೀಬೇಡಿ, ಬರೆದ್ರೆ ಎಲ್ಲರೂ "ತುಂಬಾ ಚೆನ್ನಾಗಿದೆ" ಅಂತ ಗೀಚಿ ಹೋಗ್ತಾರೆ. "ನಾವು ತಪ್ಪು ಬರೆದಿದ್ರೆ ಇಲ್ಲಿ ಹೇಳಿ" ಅಂತ ಬರೀರಿ. ತೆಗೆದ ಮೂರನೇ ದಿನ ಹುತ್ತೂರು ಕಡೆಯಿಂದ ಒಬ್ಬರು ಅಜ್ಜಿ ಮೊಮ್ಮಗನ ಕೈ ಹಿಡ್ಕೊಂಡು ಬಂದ್ರು. ಅಳತೆ ಪಾತ್ರೆಗಳ ಶೋಕೇಸ್ ಮುಂದೆ ನಿಂತ್ರು, ಕೊಳಗ, ಸೇರು, ಪಾವು, ಚಟಾಕು ಅಂತ ನಾವು ಸಾಲಾಗಿ ಇಟ್ಟಿದ್ವಿ, ಎರಡನೇದಕ್ಕೆ "ಸೇರು" ಅಂತ ಲೇಬಲ್. ಅಜ್ಜಿ ಗಾಜಿನ ಮೇಲೆ ಬೆರಳು ಕುಟ್ಟಿ, "ಏನಪ್ಪಾ ಇದು, ಇದು ಸೇರಲ್ಲ, ಅಚ್ಚೇರು. ನಮ್ಮತ್ತೆ ಇದ್ರಲ್ಲೇ ನಂಗೆ ದಿನಾ ಅಳ್ದು ಕೊಡ್ತಿದ್ರು, ಒಂದು ಕಾಳು ಜಾಸ್ತಿ ಹಾಕ್ತಿರ್ಲಿಲ್ಲ" ಅಂದ್ರು. ಗಾಜು ತೆಗೆದು ರಾಗಿ ಹಾಕಿ ಪಾವಲ್ಲಿ ಅಳೆದ್ವಿ, ಎರಡೇ ಪಾವು ಹಿಡೀತು. ಅಜ್ಜಿಗೆ ಬರೆಯೋಕೆ ಬರಲ್ಲ, ಮೊಮ್ಮಗ ನೋಟ್ ಬುಕ್ಕಲ್ಲಿ ಬರೆದ, ನಾವು ರಿಜಿಸ್ಟರಲ್ಲಿ ಆ ಸಾಲಿನ ಪಕ್ಕ ಅಜ್ಜಿ ಹೆಸರು, ಊರು, ತಾರೀಕು ಹಾಕಿದ್ವಿ. ಲೇಬಲ್ಲಿನ ಮೇಲೆ ಸದ್ಯಕ್ಕೆ ಪೆನ್ಸಿಲಲ್ಲಿ "ಅಚ್ಚೇರು" ಅಂತ ತಿದ್ದಿದೀವಿ, ಹೊಸದು ಪ್ರಿಂಟಿಗೆ ಕೊಟ್ಟಿದೆ, ಈ ಸಲ ಚ-ಕಾರದ ಒತ್ತು ಬರುತ್ತೋ ಇಲ್ವೋ ನೋಡ್ಬೇಕು.